ಒಂದೇ ಪಾತ್ರೆಯ ಉತ್ತರ

ಮುಂಬಯಿಯಲ್ಲಿ ನಾನು ಮಾಡಿದ ಕೆಲಸಕ್ಕೆ ಕಾಗದದ ಮೇಲಿದ್ದ ಹೆಸರು ಉಪದೇಶಿ. ನಿಜವಾಗಿ ನಾನು ಮಾಡಿದ್ದು ಜನರ ಬಾಯಿಗೆ ಉತ್ತರ ಕೊಡುವ ಕೆಲಸ. ಈಗ ಈ ಕೆಲಸಕ್ಕೆ ಸೇರುತ್ತಿರುವ ಹುಡುಗರು ಆಗಾಗ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಕ್ರೈಸ್ತರನ್ನು ಜನ ಹೀಗನ್ನುತ್ತಾರೆ, ಹಾಗನ್ನುತ್ತಾರೆ, ನಾವೇನು ಹೇಳಬೇಕು ಎಂದು ಕೇಳುತ್ತಾರೆ. ಪೆನ್ನು ತೆರೆದು ಬರೆದುಕೊಳ್ಳಲು ಸಿದ್ಧರಾಗಿಯೇ ಕೂತಿರುತ್ತಾರೆ. ನನ್ನ ಹತ್ತಿರ ಒಂದು ಕಾಲಕ್ಕೆ ಅಂಥ ಉತ್ತರಗಳ ಇಡೀ ಪುಸ್ತಕವೇ ಇತ್ತಪ್ಪಾ. ಅದರ ಗತಿ ಏನಾಯಿತೆಂದು ಇಲ್ಲಿ ಬರೆಯುತ್ತೇನೆ. ಓದಿದ ಮೇಲೂ ಉತ್ತರ ಬೇಕೆನ್ನಿಸಿದರೆ ಬನ್ನಿ, ಚಹಾ ಕುಡಿದು ಹೋಗುವಿರಂತೆ.

ನಾನು ಧಾರವಾಡದ ಕಡೆಯವನು. ನಮ್ಮ ಮನೆತನ ಕ್ರೈಸ್ತರಾಗಿ ನನ್ನದು ಮೂರನೆಯ ತಲೆಮಾರು. ಐವತ್ತರ ದಶಕದ ಆರಂಭದಲ್ಲಿ ಹೆಂಡತಿ ಕರುಣಮ್ಮನನ್ನು ಕರೆದುಕೊಂಡು ಮುಂಬಯಿಗೆ ಬಂದು ಕಾಂದಿವಲಿಯ ಒಂದು ಚಾಳಿನಲ್ಲಿ ಖೋಲಿ ಹಿಡಿದೆ. ನಮ್ಮ ಸಭೆ, ಅಂದರೆ ಕನ್ನಡ ಮಾತಾಡುವ ಕ್ರೈಸ್ತ ಕುಟುಂಬಗಳ ಒಂದು ಸಣ್ಣ ಗುಂಪು, ಪ್ರತಿ ಭಾನುವಾರ ಸಾಂತಾಕ್ರೂಜ್‌ನ ಒಂದು ಶಾಲೆಯ ಹಾಲಿನಲ್ಲಿ ಕೂಡುತ್ತಿತ್ತು. ಸ್ವಂತ ದೇವಾಲಯ ಇರಲಿಲ್ಲ. ನಮ್ಮ ಪಾದ್ರಿಗಳಾದ ಸಭಾಪಾಲಕರು ಪುಣೆಯಲ್ಲಿದ್ದರು. ವಯಸ್ಸಾದವರು, ಮೆತ್ತಗಿನ ಮನುಷ್ಯ. ತಿಂಗಳಿಗೊಮ್ಮೆ ರೈಲು ಹತ್ತಿ ಬಂದು, ಯೇಸುವಿನ ನೆನಪಿಗೆ ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನವನ್ನು ನಡೆಸಿಕೊಡುತ್ತಿದ್ದರು. ಉಳಿದ ಮೂರು ವಾರ ಪ್ರಾರ್ಥನೆ, ಮನೆ ಭೇಟಿ, ಮಕ್ಕಳ ಪಾಠ, ಬೀದಿಯ ಮಾತು ಎಲ್ಲ ನನ್ನ ತಲೆಯ ಮೇಲೆ.

ನನಗಿಂತ ಮುಂಚೆ ಇದ್ದ ಉಪದೇಶಿ ಊರಿಗೆ ಹೋಗುವಾಗ ಒಂದು ದಪ್ಪ ನೋಟ್‌ಬುಕ್ ಕೈಗಿತ್ತು ಹೋದರು. ಎಡಗಡೆಯ ಹಾಳೆಯಲ್ಲಿ ಜನ ನಮ್ಮ ಮೇಲೆ ಹೊರಿಸುವ ಆಕ್ಷೇಪ, ಬಲಗಡೆಯ ಹಾಳೆಯಲ್ಲಿ ಅದಕ್ಕೆ ಉತ್ತರ. "ಬಾಯಿಪಾಠ ಮಾಡ್ರಿ. ಉತ್ತರ ಹೇಳಿದ ಕೂಡಲೆ ಅಲ್ಲಿಂದ ಕಾಲು ಕೀಳ್ರಿ, ಮರುಪ್ರಶ್ನೆಗೆ ನಿಲ್ಲಬ್ಯಾಡ್ರಿ" ಎಂದಿದ್ದರು. ನಾನು ಎರಡೇ ತಿಂಗಳಲ್ಲಿ ಬಾಯಿಪಾಠ ಮಾಡಿದೆ. ಹೊಸದನ್ನು ನಾನೂ ಬರೆದೆ. ನನ್ನ ನಾಲಿಗೆ ಚುರುಕಾಗಿತ್ತು, ಅದರ ಬಗ್ಗೆ ಸೊಕ್ಕೂ ಇತ್ತು.

ನನ್ನ ನಿತ್ಯದ ಎದುರಾಳಿ ಕಾಂದಿವಲಿ ಸ್ಟೇಷನ್ ಎದುರಿನ ಉಡುಪಿ ಹೊಟೇಲಿನ ಮ್ಯಾನೇಜರ್ ವಾಸುದೇವ ರಾಯರು. ಗಲ್ಲಾದ ಹಿಂದೆ ಕೂತು, ಗಿರಾಕಿಗಳು ಕಡಿಮೆಯಿದ್ದಾಗ ನನ್ನನ್ನು ಕೆಣಕುವುದು ಅವರಿಗೆ ಖುಷಿ. ದ್ವೇಷದ ಮನುಷ್ಯ ಅಲ್ಲವೇ ಅಲ್ಲ. ನಾನು ಬಂದರೆ ಹೇಳದೆಯೇ ಕಾಫಿ ಬರುತ್ತಿತ್ತು.

"ಅಲ್ಲ ಮಾಸ್ಟ್ರೇ, ಇಂಗ್ಲಿಷಿನವರು ಹಡಗು ಹತ್ತಿ ಹೋದ್ರು. ನಿಮ್ಮನ್ನು ಮಾತ್ರ ಯಾಕೆ ಬಿಟ್ಟು ಹೋದ್ರು ಮಾರಾಯ್ರೆ?" ಎಂದು ಒಂದು ಸಲ ತುಂಬಿದ ಹೊಟೇಲಿನಲ್ಲಿ ಕೇಳಿದರು.

"ನಾ ಧಾರವಾಡದಾಂವ ರಾಯರ. ನನ್ನ ಬಿಟ್ಟು ಹೋಗಲಿಕ್ಕೆ ಅವರೇನು ನನ್ನ ಹಡಗಿನಾಗ ತಂದಿದ್ದರೇನು?" ಎಂದೆ. ಜನ ನಕ್ಕರು. ಈ ಉತ್ತರವನ್ನು ಇವತ್ತೂ ಕೊಡುತ್ತೇನೆ, ಯಾಕೆಂದರೆ ಅದು ನಿಜ. ನನ್ನ ಅಜ್ಜ ಮಗ್ಗದ ಗುಂಡಿಯಲ್ಲಿ ಕೂತು ಸೀರೆ ನೇಯ್ದವನು, ಅಜ್ಜಿ ಜೋಳದ ರೊಟ್ಟಿ ಬಡಿದವಳು. ಅವರನ್ನು ಪರದೇಶಿಗಳೆಂದರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ.

ಎಲ್ಲ ಉತ್ತರಗಳೂ ಅಷ್ಟು ಗಟ್ಟಿಯಾಗಿರಲಿಲ್ಲ. ಹಾಲಿನ ಪುಡಿಯ ಆಸೆಗೆ ಧರ್ಮ ಬಿಟ್ಟವರು ನೀವು ಎಂದು ರಾಯರು ಒಮ್ಮೆ ಅಂದಾಗ, ನಾವು ಯಾರಿಗಾದರೂ ಒಂದು ಚಮಚ ಪುಡಿ ಕೊಟ್ಟದ್ದನ್ನು ತೋರಿಸಿದರೆ ಕೆಲಸ ಬಿಟ್ಟು ಹೋಗುತ್ತೇನೆ ಎಂದು ಎದೆ ತಟ್ಟಿ ಹೇಳಿದೆ. ಅದಾದ ಕೆಲವೇ ದಿನಗಳಲ್ಲಿ ಯಾವುದೋ ಪರದೇಶದ ಸಂಸ್ಥೆಯಿಂದ ಹಾಲಿನ ಪುಡಿಯ ಡಬ್ಬಗಳು ನಮ್ಮ ಸಭೆಗೆ ಬಂದಿಳಿದವು! ಆ ಭಾನುವಾರ ಸಭೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಡಬ್ಬ ಹಿಡಿದು ಕಾಂದಿವಲಿಯಲ್ಲಿ ರೈಲಿಳಿದವರ ಮೆರವಣಿಗೆ ರಾಯರ ಹೊಟೇಲಿನ ಎದುರಿನಿಂದಲೇ ಹೋಯಿತು. ಪುಡಿ ಮುಗಿದ ಮರುವಾರ ನಮ್ಮ ಹಳೇ ಮುಖಗಳು ಮಾತ್ರ ಉಳಿದವು. ನಾನು ತಿಂಗಳ ಕಾಲ ಹಿಂದಿನ ಗಲ್ಲಿಯಿಂದ ಸ್ಟೇಷನ್ನಿಗೆ ಹೋದೆ. ಆಮೇಲೆ ಬಂದ ಡಬ್ಬಗಳನ್ನು ವಾರದ ದಿನಗಳಲ್ಲಿ ಶಾಲೆಯ ಹೆಡ್‌ಮಾಸ್ತರರ ಕೈಯಿಂದ, ಜಾತಿ ಧರ್ಮ ನೋಡದೆ ಎಲ್ಲ ಮಕ್ಕಳಿಗೂ ಹಂಚಿಸಿದೆವು. ರಾಯರು ಚುಚ್ಚದಿದ್ದರೆ ಆ ಬುದ್ಧಿ ನಮಗೆ ಬರುತ್ತಿರಲಿಲ್ಲ.

ಕುಡುಕರೆಂಬ ಹೆಸರಂತೂ ಇದ್ದೇ ಇತ್ತು. ಆಗ ಮುಂಬಯಿಯಲ್ಲಿ ಪಾನನಿರೋಧ. ಕರ್ತನ ಭೋಜನಕ್ಕೆ ದ್ರಾಕ್ಷಾರಸ ತರಲು ಪರ್ಮಿಟ್ಟಿಗೆ ಓಡಾಡುವ ಬದಲು ಕರುಣಮ್ಮ ಶನಿವಾರವೇ ಒಣದ್ರಾಕ್ಷಿ ಕುದಿಸಿ, ಸೋಸಿ, ಬಾಟಲಿಗೆ ತುಂಬಿಕೊಡುತ್ತಿದ್ದಳು. ಒಮ್ಮೆ ಲೋಕಲ್‌ನಲ್ಲಿ ಒಬ್ಬ ಹವಾಲ್ದಾರ ಚೀಲ ಬಿಚ್ಚಿಸಿದ. "ಯೆ ಕ್ಯಾ ಹೈ? ದಾರೂ?" ಎಂದ. ಒಣದ್ರಾಕ್ಷಿಯ ನೀರು ಎಂದರೆ ನಂಬಲಿಲ್ಲ. ಕುಡಿದು ತೋರಿಸು ಎಂದು ನನಗೇ ಅರ್ಧ ಬಾಟಲಿ ಕುಡಿಸಿದ. ಆ ತಿಂಗಳು ಸಭೆಯವರೆಲ್ಲ ನೀರು ಬೆರೆಸಿದ್ದನ್ನೇ ಕುಡಿದರು. ಸಭಾಪಾಲಕರು ಮಾತ್ರ ನನ್ನ ಮುಖ ನೋಡಿ ನಕ್ಕರು. ನಗುವ ಮಾತು ಇಲ್ಲಿಗೆ ಮುಗಿಯಿತು.

ರಾಯರ ಕೊನೆಯ ಬಾಣ ಜಾತಿಯದು. "ನಿಮ್ಮಲ್ಲಿಯೂ ಉಂಟು ಮಾಸ್ಟ್ರೇ. ಮದುವೆ ಮಾತು ಬಂದಾಗ ನಿಮ್ಮವರೂ ಅಜ್ಜನ ಜಾತಿ ಕೇಳ್ತಾರೆ, ನನಗೆ ಗೊತ್ತಿಲ್ವಾ?"

ಇದಕ್ಕೆ ನನ್ನ ಬಲಗಡೆಯ ಹಾಳೆಯಲ್ಲಿದ್ದದ್ದು ಎಲ್ಲಕ್ಕಿಂತ ದೊಡ್ಡ ಉತ್ತರ. ನಮ್ಮ ಸಭೆಯಲ್ಲಿ ಬೆಳ್ಳಿ ಲೇಪದ ಒಂದು ಹಿತ್ತಾಳೆಯ ಪಾತ್ರೆ ಇತ್ತು, ಊರಿನಿಂದ ಬಂದ ಹಿರಿಯರು ತಂದದ್ದು. ಕರ್ತನ ಭೋಜನದಲ್ಲಿ ಎಲ್ಲರೂ ಅದೊಂದಕ್ಕೇ ತುಟಿ ಹಚ್ಚಿ ಕುಡಿಯಬೇಕು. ಒಬ್ಬರು ಕುಡಿದ ಮೇಲೆ ಪಾತ್ರೆಯ ಅಂಚನ್ನು ಬಿಳಿಯ ಬಟ್ಟೆಯಿಂದ ಒಂದು ಸಲ ಒರೆಸುವುದು ಉಪದೇಶಿಯ ಕೆಲಸ. ಕೊನೆಗೆ, ಭೋಜನ ಕೊಟ್ಟವರೇ ಉಳಿದದ್ದನ್ನು ಕುಡಿದು ಪಾತ್ರೆ ಬರಿದು ಮಾಡಬೇಕು.

"ಬರ್ರಿ ರಾಯರ, ಬಂದು ಕಣ್ಣಿಲೆ ನೋಡ್ರಿ. ಹೆಡ್‌ಕ್ಲಾರ್ಕ ಕುಡಿದ ಪಾತ್ರ್ಯಾಗ ಕಸಗುಡಿಸೋ ಅಮ್ಮ ಕುಡೀತಾಳ. ನಿಮ್ಮ ಹೊಟೇಲಿನಾಗ ತೋರಸ್ರಿ ಅದನ್ನ. ಹೊರಗ ಕೂತಾನಲ್ಲ, ಅವಗ ಅವನ ಗಲಾಸಿನಾಗ ಮ್ಯಾಲಿಂದ ಸುರೀತೀರಲ್ಲ" ಎಂದೆ.

ಹೊರಗೆ ಕೂತಿದ್ದವನು ಯಲ್ಲಪ್ಪ. ಬಿಜಾಪುರದ ಕಡೆಯವನು, ಹೊಟೇಲಿನ ಕಟ್ಟೆಯ ಪಕ್ಕದಲ್ಲಿ ಚಪ್ಪಲಿ ಹೊಲಿಯುತ್ತಿದ್ದ. ಚಹಾ ಬೇಕಾದರೆ ಮನೆಯಿಂದ ತಂದ ಗ್ಲಾಸನ್ನು ಬಾಗಿಲಲ್ಲಿ ಚಾಚುತ್ತಿದ್ದ.

ರಾಯರ ಮುಖ ಕೆಂಪಾಯಿತು. "ಹೌದು, ಸುರೀತೇವೆ. ನಾವು ಸುರಿಯುವುದಿಲ್ಲ ಅಂತ ನಾನೆಲ್ಲಿಯೂ ಭಾಷಣ ಮಾಡ್ಲಿಲ್ಲ ಮಾಸ್ಟ್ರೇ" ಎಂದರು.

ನಾನು ಗೆದ್ದೆನೆಂದು ಎದ್ದು ಬಂದೆ. ಯಲ್ಲಪ್ಪ ಹೊಲಿಗೆ ನಿಲ್ಲಿಸಿ ನನ್ನನ್ನು ನೋಡಿದ. "ಒಂದ ಪಾತ್ರ್ಯಾಗ ಅಂದ್ರಲ್ರೀ ಮಾಸ್ತರ. ಖರೇನ?" ಎಂದು ಕೇಳಿದ. ಖರೇ ಎಂದೆ. ಅವನು ತಿರುಗಿ ಉಳಿಯನ್ನು ಕೈಗೆತ್ತಿಕೊಂಡ.

ಮುಂದಿನ ಕರ್ತನ ಭೋಜನದ ಭಾನುವಾರ ಶಾಲೆಯ ಕಿಟಕಿಯ ಹೊರಗೆ ಅವನ ಮುಖ ಕಂಡೆ. ಅದರ ಮರುತಿಂಗಳೂ ಬಂದ. ಬೋಧನೆ ಅವನಿಗೆ ಬೇಕಿರಲಿಲ್ಲ, ಹಾಡು ಬೇಕಿರಲಿಲ್ಲ. ಪಾತ್ರೆ ಕೈಯಿಂದ ಕೈಗೆ ಹೋಗುವುದನ್ನು ಮಾತ್ರ ನೋಡುತ್ತ ನಿಲ್ಲುತ್ತಿದ್ದ. ಮೂರನೆಯ ಸಲ ಹೆಂಡತಿ ಗೌರವ್ವನನ್ನೂ ಕರೆತಂದ. ಅವರ ಗುಡಿಸಲು ನಮ್ಮ ಚಾಳಿನ ಹಿಂದೆಯೇ ಇತ್ತು. ಒಂದು ವರ್ಷ ಸಂಜೆ ಸಂಜೆ ಅಲ್ಲಿಗೆ ಹೋಗಿ ಇಬ್ಬರಿಗೂ ಕಲಿಸಿದೆ. ಗೌರವ್ವ ಓದು ಬಾರದವಳು, ಆದರೆ ಒಮ್ಮೆ ಕೇಳಿದ ಕಥೆಯನ್ನು ಮರೆಯುತ್ತಿರಲಿಲ್ಲ. ಅವರು ಸಭೆಗೆ ಸೇರುವ ಸುದ್ದಿ ತಿಳಿದು ಅವರ ಜಾತಿಯ ಪಂಚರು ಕೂಡಿ ಹೊರಗೆ ಹಾಕಿದರು. ಯಲ್ಲಪ್ಪನ ಒಡಹುಟ್ಟಿದ ತಮ್ಮ ನಳದ ಹತ್ತಿರ ಎದುರಾದರೂ ಮುಖ ತಿರುಗಿಸಿದ. ಮಾತಾಡುವವರು ಅಂತ ಆ ಗಂಡ ಹೆಂಡಿರಿಗೆ ನಾವಷ್ಟೇ ಉಳಿದೆವು.

ದೀಕ್ಷಾಸ್ನಾನದ ಮುಂಚೆ ಸಭಾಪಾಲಕರು ಕೇಳಿದರು, "ಏನಾದರೂ ಸಿಗತದ ಅಂತ ಬಂದೀಯೇನಪಾ?"

"ಇದ್ದ ಮಂದಿ ಹೋದ್ರು. ಸಿಗೂದೇನ ಐತ್ರಿ? ಆ ಪಾತ್ರ್ಯಾಗ ಒಂದ ಗುಟುಕ ಸಿಗತೈತಿ, ಸಾಕು" ಎಂದ ಯಲ್ಲಪ್ಪ. ಮುದುಕರ ಕಣ್ಣು ತುಂಬಿತು. ನನ್ನದೂ ತುಂಬಿತು, ಸುಳ್ಳು ಹೇಳುವುದಿಲ್ಲ.

ಅವರ ಮೊದಲ ಭೋಜನದ ದಿನ ಇಬ್ಬರೂ ಸಾಲಿನ ನಡುವೆ ನಿಂತಿದ್ದರು. ಅವರು ಕುಡಿದ ಮೇಲೆ ಪಾತ್ರೆ ನಮ್ಮ ಸಭೆಯ ಹಿರಿಯರಾದ ಸಾಮುವೇಲಪ್ಪನವರ ಮುಂದೆ ಬಂತು. ಅವರು ದೊಡ್ಡ ಕಂಪನಿಯಲ್ಲಿ ಹೆಡ್‌ಕ್ಲಾರ್ಕ್, ಸಭೆ ಕೂಡುವ ಜಾಗದ ಬಾಡಿಗೆ ಹೊಂದಿಸುವವರೂ ಅವರೇ. ಪಾತ್ರೆಯನ್ನು ಎತ್ತಿ ಹಣೆಗೆ ಮುಟ್ಟಿಸಿಕೊಂಡರು, ಕುಡಿಯದೆ ಪಕ್ಕಕ್ಕೆ ಕೊಟ್ಟರು. ಅವರ ಹಿಂದಿದ್ದ ಇನ್ನೂ ಕೆಲವರು ಹಾಗೆಯೇ ಮಾಡಿದರು. ಯಲ್ಲಪ್ಪ ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದ, ನೋಡಲಿಲ್ಲ.

ಮನೆಗೆ ಬಂದ ಮೇಲೆ ಕರುಣಮ್ಮ ಕೇಳಿದಳು, "ಎಲ್ಲಾರಿಗೂ ಒಂದ ಸಲ ಒರಸಿದ್ರಿ. ಅವರ ಕುಡದಮ್ಯಾಲ ಯಾಕ ಎರಡ ಸಲ ಒರಸಿದ್ರಿ?"

"ನಿನಗ ಬ್ಯಾರೆ ಕೆಲಸ ಇಲ್ಲೇನು?" ಎಂದು ಗದರಿಸಿದೆ. ನಾನು ಹಾಗೆ ಮಾಡಿದ್ದೇ ನನಗೆ ನೆನಪಿರಲಿಲ್ಲ.

ಮರುತಿಂಗಳು ನಾನೊಂದು ಜಾಣತನ ಮಾಡಿದೆ. ಯಾರು ಯಾವಾಗ ಎದ್ದು ಬರಬೇಕೆಂದು ಹೇಳುವವನು ಉಪದೇಶಿಯಲ್ಲವೇ? ಯಲ್ಲಪ್ಪ ಗೌರವ್ವರನ್ನು ಸಾಲಿನ ಕೊನೆಗೆ ನಿಲ್ಲಿಸಿದೆ. ಹೊಸಬರು ಕೊನೆಗೆ ಬರುವುದು ಪದ್ಧತಿ ಎಂದು ಇಲ್ಲದ ಪದ್ಧತಿಯನ್ನು ಹುಟ್ಟಿಸಿ ಹೇಳಿದೆ. ಅವರು ನಂಬಿದರು. ಗಲಾಟೆ ತಪ್ಪಿಸಿದೆನೆಂದು ನನಗೆ ಸಮಾಧಾನವಾಯಿತು.

ಸಾಮುವೇಲಪ್ಪನವರಿಗೆ ಅಷ್ಟು ಸಾಲಲಿಲ್ಲ. ಒಂದು ಸಂಜೆ ತಮ್ಮ ಮನೆಗೆ ಕರೆಸಿ ಸಣ್ಣ ಸಣ್ಣ ಗಾಜಿನ ಗ್ಲಾಸುಗಳ ಒಂದು ತಟ್ಟೆ ತೋರಿಸಿದರು. "ಕ್ಷಯ ಊರೆಲ್ಲಾ ಹಬ್ಬೇದ ಮಾಸ್ತರ. ಇನ್ನ ಮ್ಯಾಲ ಒಬ್ಬೊಬ್ಬರಿಗೆ ಒಂದೊಂದು ಗ್ಲಾಸು. ನಿಮ್ಮ ಭಾಷಾ ಛಲೋ ಅದ, ಎರಡು ಸಾಲು ಬರದು ಓದಿಬಿಡ್ರಿ."

ಸಭೆಯಲ್ಲಿ ಆಗ ಕ್ಷಯ ಇದ್ದದ್ದು ಒಬ್ಬರಿಗೇ, ಸಾಮುವೇಲಪ್ಪನವರ ಸ್ವಂತ ತಮ್ಮನಿಗೆ. ಸ್ಯಾನಿಟೋರಿಯಂ ಸೇರುವ ಹಿಂದಿನ ತಿಂಗಳವರೆಗೂ ಆತ ಕೆಮ್ಮುತ್ತಲೇ ಆ ಪಾತ್ರೆಯಲ್ಲಿ ಕುಡಿದಿದ್ದ. ಆಗ ಯಾರಿಗೂ ಗ್ಲಾಸಿನ ನೆನಪಾಗಿರಲಿಲ್ಲ. ಇದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ನಾನು ಬಾಯಿ ಬಿಡಲಿಲ್ಲ. ಕೆಲಸ ಹೋದರೆ ಖೋಲಿ ಹೋಗುತ್ತದೆಂಬ ಹೆದರಿಕೆ ಇತ್ತು, ಅದಕ್ಕಿಂತ ಹೆಚ್ಚಾಗಿ ದೊಡ್ಡವರ ಮನೆಯ ಸೋಫಾದಲ್ಲಿ ಕೂರಿಸಿ ನನ್ನ ಭಾಷೆಯನ್ನು ಹೊಗಳಿದ್ದರು. ಮನೆಗೆ ಬಂದು ಆರೋಗ್ಯ, ಶುಚಿತ್ವ, ಪರರ ಹಿತ ಎಂದೆಲ್ಲ ಸೇರಿಸಿ ಚೆಂದದ ಪ್ರಕಟಣೆ ಬರೆದೆ. ಸಭಾಪಾಲಕರು ಅದನ್ನು ಓದಿ ತಲೆ ತಗ್ಗಿಸಿದರು, ಬೇಡವೆನ್ನಲಿಲ್ಲ.

ಆ ಭಾನುವಾರ ನಾನೇ ಪ್ರಕಟಣೆ ಓದಿದೆ, ನಾನೇ ತಟ್ಟೆ ಹಿಡಿದು ನಡೆದೆ. ಯಲ್ಲಪ್ಪ ಒಂದು ಗ್ಲಾಸು ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದ. ತುಂಬಿದ್ದಂತೆಯೇ ತಟ್ಟೆಗೆ ವಾಪಸು ಇಟ್ಟ. ಗೌರವ್ವನನ್ನು ಕರೆದುಕೊಂಡು ಹೊರಟುಹೋದ.

ಪ್ರಾರ್ಥನೆ ಮುಗಿಸಿ ಸಾಂತಾಕ್ರೂಜ್ ಸ್ಟೇಷನ್ನಿಗೆ ಓಡಿದೆ. ಇಬ್ಬರೂ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತಿದ್ದರು.

"ಕ್ಷಯದ ಕಾಲ ಯಲ್ಲಪ್ಪಾ, ಡಾಕ್ಟರ ಮಂದಿನೂ ಹಿಂಗ ಮಾಡ್ರಿ ಅಂತಾರ..." ಎಂದು ಶುರುಮಾಡಿದೆ.

"ಯಾರಿಗೈತ್ರೀ ಕ್ಷಯ?" ಎಂದ.

"ಮಾಸ್ತರ, ಮೈಲಿಗಿ ಹಿಡೀಬಾರದು ಅನ್ನೂ ಕಾಯಿದೆ ಬಿಗಿ ಆತಂತ ಹೋದ ವಾರ ರಾಯರು ನನ್ನ ಒಳಗ ಕರದು ಬೆಂಚಿನ ಮ್ಯಾಲ ಕುಂದ್ರಿಸಿದ್ರು. ತಮ್ಮ ಹೊಟೇಲ ಗಲಾಸಿನಾಗ ಚಾ ಕೊಟ್ರು. ಮನಿ ಗಲಾಸ ಚೀಲದಾಗ ಹಂಗ ಉಳೀತು. ಇದನ್ನ ನಿಮಗ ಹೇಳಿ ನಗಬೇಕಂತ ಮಾಡಿದ್ದೆ. ಇಲ್ಲಿ ಬಂದ್ರ ಇಲ್ಲೇ ಗಲಾಸ ಬ್ಯಾರೆ ಆಗ್ಯಾವು." ಅವನ ದನಿ ಏರಲಿಲ್ಲ. "ಯೇಸುಸ್ವಾಮಿನ್ನ ಬಿಡಂಗಿಲ್ರಿ. ಆತ ಏನ ಮಾಡ್ಯಾನ? ನಿಮ್ಮನ್ನ ಬಿಟ್ಟೀನಿ."

ಕ್ರಿಸ್ತನನ್ನೂ ಕ್ರೈಸ್ತರನ್ನೂ ಬೇರೆ ಮಾಡಿ ನೋಡಿ ಎಂದು ಟೀಕೆ ಮಾಡುವವರಿಗೆ ನಾವು ಹೇಳುತ್ತೇವಲ್ಲ, ನನ್ನ ನೋಟ್‌ಬುಕ್ಕಿನಲ್ಲೂ ಆ ಉತ್ತರವಿತ್ತು. ನಮ್ಮ ಬೆನ್ನು ಉಳಿಸಿಕೊಳ್ಳಲು ನಾವದನ್ನು ಬಳಸುತ್ತಿದ್ದೆವು. ಯಲ್ಲಪ್ಪ ಅದನ್ನು ಹೇಳಿದಾಗ ನನಗೆ ತಲೆ ಎತ್ತಲಾಗಲಿಲ್ಲ.

ಆಮೇಲೆ ಸುಮಾರು ಒಂದು ವರ್ಷ ಅವರು ಸಭೆಗೆ ಬರಲಿಲ್ಲ. ಪಂಚರ ಹತ್ತಿರವೂ ಹೋಗಲಿಲ್ಲ. ನಾನು ಅವರ ಗುಡಿಸಲಿನ ದಾರಿ ಬಿಟ್ಟು ಸುತ್ತು ಹಾಕಿಕೊಂಡು ಓಡಾಡಿದೆ. ರಾಯರು ಒಮ್ಮೆ, "ಯಲ್ಲಪ್ಪ ನಿಮ್ಮಲ್ಲಿಗೆ ಬರುವುದಿಲ್ವಂತೆ" ಎಂದರು. ನನ್ನ ಮುಖ ನೋಡಿ ಅಷ್ಟಕ್ಕೇ ನಿಲ್ಲಿಸಿ, ಕಾಫಿ ತರಿಸಿದರು. ಚುಚ್ಚಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಒಂದು ಮಧ್ಯಾಹ್ನ ಯಲ್ಲಪ್ಪ ನಮ್ಮ ಬಾಗಿಲಲ್ಲಿ ನಿಂತಿದ್ದ. ಗೌರವ್ವನಿಗೆ ಕ್ಷಯ. ಈ ಸಲ ನಿಜವಾದ ಕ್ಷಯ. ಆಸ್ಪತ್ರೆಯಲ್ಲಿ ಡಾಕ್ಟರರು ಕೈಚೆಲ್ಲಿದ್ದರು. "ಆ ಒಂದ ಪಾತ್ರ್ಯಾಗ ಕುಡೀಬೇಕ ಅಂತಾಳ್ರಿ. ಸಣ್ಣ ಗಲಾಸ ಬ್ಯಾಡ ಅಂತಾಳ" ಎಂದ.

ಭೋಜನ ಕೊಡುವ ಅಧಿಕಾರ ಉಪದೇಶಿಗಿಲ್ಲ, ಸಭಾಪಾಲಕರಿಗೆ ಮಾತ್ರ. ಪುಣೆಗೆ ಕಾಗದ ಹೋಗಿ ಅವರು ಬರುವಷ್ಟರಲ್ಲಿ ಅವಳು ಇರುತ್ತಾಳೆಂಬ ನಂಬಿಕೆ ಇರಲಿಲ್ಲ. ಕರುಣಮ್ಮ ನನ್ನನ್ನು ಕೇಳದೆಯೇ ಒಣದ್ರಾಕ್ಷಿ ಕುದಿಯಲು ಇಟ್ಟಳು. ನಾನು ಸಾಂತಾಕ್ರೂಜ್‌ಗೆ ಹೋಗಿ, ಕಪಾಟಿನ ತಳದಿಂದ ಹಳೇ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಪಾತ್ರೆಯನ್ನು ತೆಗೆದೆ. ಅದು ಕಪ್ಪುಗಟ್ಟಿತ್ತು. ಹುಣಸೆಹಣ್ಣು ಹಚ್ಚಿ ತಿಕ್ಕಿದೆ.

ಮರುದಿನ ಭೇಟಿಯ ಹೊತ್ತಿಗೆ ವಾರ್ಡಿಗೆ ಹೋದೆವು. ಗೌರವ್ವ ಹಾಸಿಗೆಗೆ ಅಂಟಿಕೊಂಡಿದ್ದಳು. ಪಾತ್ರೆ ಕಂಡು ಏಳಲು ನೋಡಿದಳು. ಯಲ್ಲಪ್ಪ ಬೆನ್ನಿಗೆ ಕೈಕೊಟ್ಟು ಕೂರಿಸಿದ. ಸಣ್ಣ ಪ್ರಾರ್ಥನೆ ಮಾಡಿ, ಪಾವ್ ರೊಟ್ಟಿಯ ತುಂಡು ಮುರಿದು ಕೊಟ್ಟು, ಪಾತ್ರೆಯನ್ನು ಅವಳ ತುಟಿಗೆ ಹಿಡಿದೆ. ಕುಡಿದಳು. "ಸಿಹಿ ಐತ್ರಿ ಮಾಸ್ತರ" ಎಂದಳು. ಯಲ್ಲಪ್ಪ ಅದೇ ಪಾತ್ರೆಯಲ್ಲಿ ಒಂದು ಗುಟುಕು ಕುಡಿದು ನನ್ನ ಕೈಗೆ ಕೊಟ್ಟ.

ಕೊಟ್ಟವನೇ ಕೊನೆಗೆ ಕುಡಿದು ಬರಿದು ಮಾಡಬೇಕು. ತಳದಲ್ಲಿ ಎರಡು ಗುಟುಕು ಉಳಿದಿತ್ತು. ಅಂಚು ಒದ್ದೆಯಾಗಿತ್ತು. ನನ್ನ ಬಲಗೈ ತಾನಾಗಿ ಜೇಬಿಗೆ ಹೋಯಿತು, ಕರವಸ್ತ್ರ ತೆಗೆಯಿತು, ಅಂಚನ್ನು ಒಂದು ಸಲ ಒರೆಸಿತು. ಎರಡನೆಯ ಸಲ ಒರೆಸುವಾಗ ಗೌರವ್ವ ನನ್ನ ಕೈಯನ್ನೇ ನೋಡುತ್ತಿದ್ದಳು.

ಯಲ್ಲಪ್ಪ ಮೆಲ್ಲನೆ ಪಾತ್ರೆಯನ್ನು ನನ್ನಿಂದ ತೆಗೆದುಕೊಂಡ. ಉಳಿದದ್ದನ್ನು ತಾನೇ ಕುಡಿದು ಬರಿದು ಮಾಡಿದ. "ಇರ್ಲಿ ಬಿಡ್ರಿ ಮಾಸ್ತರ, ಇದಕ್ಕೂ ನಿಮ್ಮ ಹಂತ್ಯಾಕ ಉತ್ತರ ಇರತೈತಿ" ಎಂದ. ಸಿಟ್ಟಿನಿಂದ ಹೇಳಲಿಲ್ಲ, ನನ್ನ ಮೇಲೆ ಕನಿಕರಪಟ್ಟಂತೆ ಹೇಳಿದ.

ಗೌರವ್ವ ಆ ವಾರವೇ ತೀರಿಕೊಂಡಳು. ಮಣ್ಣಿಗೆ ಹೋದವರು ಯಲ್ಲಪ್ಪ, ನಾನು, ಕರುಣಮ್ಮ ಮತ್ತು ಗಲ್ಲಾ ಬಿಟ್ಟು ಬಂದ ವಾಸುದೇವ ರಾಯರು. ಯಲ್ಲಪ್ಪ ಬೊರಿವಲಿಯ ಆಚೆ ಎಲ್ಲಿಗೋ ಹೋದ. ಎಷ್ಟೋ ಭಾನುವಾರ ಆ ಸ್ಟೇಷನ್ನುಗಳ ಹೊರಗೆ ಚಪ್ಪಲಿ ಹೊಲಿಯುವವರ ಮುಖ ನೋಡುತ್ತ ತಿರುಗಿದ್ದೇನೆ. ಸಿಗಲಿಲ್ಲ.

ಅಧಿಕಾರವಿಲ್ಲದೆ ಭೋಜನ ಕೊಟ್ಟೆನೆಂದು ಸಭಾಪಾಲಕರಿಗೆ ನಾನೇ ಬರೆದು ತಿಳಿಸಿದೆ. ನೀನು ಮಾಡಿದ್ದು ಸರಿ ಎಂದು ಅವರು ಕಾರ್ಡು ಬರೆದರು. ಕರವಸ್ತ್ರದ ವಿಷಯ ನಾನು ಬರೆದಿರಲಿಲ್ಲ. ಇವತ್ತು ಮೊದಲ ಸಲ ಬರೆಯುತ್ತಿದ್ದೇನೆ. ಕ್ಷಯದ ಹೆದರಿಕೆಗೆ ಒರೆಸಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಯಾರೂ ತಪ್ಪೆನ್ನಲಾರದ ಉತ್ತರ ಅದು. ಆದರೆ ಅವರ ಮೊದಲ ಭೋಜನದ ದಿನ ಗೌರವ್ವನಿಗೆ ಯಾವ ಕ್ಷಯವಿತ್ತು? ಅಂದೂ ಇದೇ ಕೈ ಎರಡು ಸಲ ಒರೆಸಿತ್ತು.

ನೋಟ್‌ಬುಕ್ಕನ್ನು ಕರುಣಮ್ಮನ ಒಲೆಗೆ ಹಾಕಿದೆ. ಹುಡುಗರೇ, ನಿಮ್ಮಲ್ಲಿಯೂ ಜಾತಿ ಇದೆ ಎಂದು ಯಾರಾದರೂ ಅಂದರೆ ಬಾಯಿ ತೆರೆಯುವ ಮುಂಚೆ ನಿಮ್ಮ ಕೈ ಎಲ್ಲಿದೆ ನೋಡಿಕೊಳ್ಳಿ. ನಾನು ಇವತ್ತಿಗೂ ಭಾನುವಾರ ಸಭೆಗೆ ಹೋಗುತ್ತೇನೆ, ಕರ್ತನ ಭೋಜನ ತೆಗೆದುಕೊಳ್ಳುತ್ತೇನೆ. ಜೇಬಿನಲ್ಲಿ ಕರವಸ್ತ್ರ ಇಟ್ಟುಕೊಳ್ಳುವುದಿಲ್ಲ.